ಬಣ್ಣವಿಲ್ಲದ ಮಂಜಿ

ಅರಬ್ಬರ ನಾಡಿನ ಶುಐಬಾ ಬಂದರಿನ ಹಡಗು ಯಾರ್ಡಿನಲ್ಲಿ ಗಟ್ಟಿಮುಟ್ಟಾಗಿದ್ದ ಮಂಜಿಯೊಂದನ್ನು ಒಡೆಸಿದವನು ನಾನು. ಮಂಜಿಯೆಂದರೆ ನಮ್ಮ ಕರಾವಳಿಯಲ್ಲೂ ಇದ್ದ, ಸರಕು ಹೊರುವ ಮರದ ಹಾಯಿಹಡಗು. ನಮಗೆ ವೀಸಾ ಕೊಟ್ಟ ಅರಬ್ಬಿ ಧಣಿ, ಆ ಕಫೀಲನಿಗೆ ಬುದ್ಧಿಯಿರಲಿಲ್ಲ ಎಂದು ಇಷ್ಟು ವರ್ಷ ನಿಮ್ಮೆದುರು ಅಣಕವಾಡಿ ತೋರಿಸಿದೆ — ಅವನದೇ ದನಿಯಲ್ಲಿ. ನೀವು ನಕ್ಕಿರಿ. ಬುದ್ಧಿಯಿಲ್ಲದ ಕತ್ತೆ ನಾನು.

ಹಳೆಯ ಮಂಜಿಗಳು ಮೂರಿದ್ದವು. ಒಂದನ್ನು ಮೇಲೆ ಸೂರು ಹಾಕಿಸಿ ಉಳಿಸಿಕೊಳ್ಳುವುದು, ಎರಡನ್ನು ಬುಲ್ಡೋಜರಿಗೆ ಕೊಡುವುದು — ಕಫೀಲನ ಲೆಕ್ಕಾಚಾರ ಅಷ್ಟೇ. ಯಾವುದು ಉಳಿಯಬೇಕೆಂದು ಹೇಳಲು ಹಡಗಿನ ಬಡಗಿ, ಗಂಗೊಳ್ಳಿಯ ರಾಮ ಆಚಾರ್ರು ಬಂದರು. ಇಪ್ಪತ್ತು ವರ್ಷ ಆ ಹಲಗೆಸಂದಿಗಳಿಗೆ ನೀರು ನುಗ್ಗದಂತೆ ಹತ್ತಿ ತುರುಕಿದ ಕೈ ಅವರದು. ಅರಬ್ಬಿ ಮಾತ್ರ ನಾಲಿಗೆಗೆ ಹತ್ತಿರಲಿಲ್ಲ. ಅವರ ಮಾತನ್ನು ಕಫೀಲನಿಗೆ ದಾಟಿಸುವುದು ನನ್ನ ಕೆಲಸ.

ಅವರು ಕಣ್ಣು ಮುಚ್ಚಿ, ಹಲಗೆಗೆ ಕಿವಿಯಿಟ್ಟು, ಮರದ ಸುತ್ತಿಗೆಯಿಂದ, ಅವರ ಕೊಡತಿಯಿಂದ, ಮೆಲ್ಲನೆ ಬಡಿದು ಕೇಳುತ್ತಿದ್ದರು. ಬಣ್ಣ ಉದುರಿದ ನಡುವಿನ ಮಂಜಿಯ ಬಳಿ ತುಂಬ ಹೊತ್ತು ನಿಂತರು.

"ಜೀವ ಇಪ್ಪುದ್ ಇದ್ರಗೇ. ಇದ್ನ್ ಉಳ್ಸೂಕ್ ಹೇಳ್, ಮಗಾ."

ನಾನೋ — ಅವರ ಬೆನ್ನ ಹಿಂದೆ ಅದೇ ಹಲಗೆಗೆ ಕಿವಿಯಿಟ್ಟು, ಬಾಯಿ ತೆರೆದು, ಬೆರಳಿಂದ ಕುಟ್ಟಿ, ಗರ್ಭಿಣಿಯ ಹೊಟ್ಟೆ ನೋಡುವ ಡಾಕ್ಟರನಾಗಿದ್ದೆ. ಎದುರಿಗೆ ನಿಂತಿದ್ದ ಕಫೀಲ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆ ನಗು ಎಷ್ಟು ರುಚಿಯಾಯಿತೆಂದರೆ, ಆಚಾರ್ರ ಮಾತು ನನ್ನ ಗಂಟಲಲ್ಲೇ — ನುಂಗಿಬಿಟ್ಟೆ. ಅವನು ಥಳಥಳ ಬಣ್ಣದ ಇನ್ನೊಂದು ಮಂಜಿಯತ್ತ ಕೈ ತೋರಿಸಿ, "ಇದು. ಉಳಿದದ್ದು ಖಲಾಸ್!" ಎಂದು ಕಾರು ಹತ್ತಿ ಹೋದ.

"ಹೇಳ್ದ್ಯಾ?"

"ಹೇಳ್ದೆ, ಆಚಾರ್ರೇ."

ಬುಲ್ಡೋಜರ್ ನಡುವಿನ ಮಂಜಿಯತ್ತ ಹೊರಟಿತು. ಆಗಲಾದರೂ ಬಾಯಿ ಬಿಡಬಹುದಿತ್ತು. ಮೊದಲ ಏಟಿಗೆ ಮಂಜಿ ಬಗ್ಗಲಿಲ್ಲ. ಎರಡನೆಯದಕ್ಕೂ. ಮೂರನೆಯದಕ್ಕೆ ಅದರ ಪಕ್ಕೆಲುಬುಗಳು ಒಂದೊಂದಾಗಿ ಸಿಡಿದವು. ಮೊಳೆಗಳು ಕಿರುಚುತ್ತ ಮರದಿಂದ ಕಿತ್ತು ಬಂದವು. ಆಚಾರ್ರು ಓಡಿಹೋಗಿ ಆ ಉಕ್ಕಿನ ಅಲಗಿಗೇ ಕೊಡತಿಯಿಂದ ಬಡಿಯತೊಡಗಿದರು. ಚಿಮ್ಮಿದ ಹಲಗೆಯೊಂದು ಅವರ ಹಣೆ ಸೀಳಿತು. ಚಾಲಕ ಯಂತ್ರ ನಿಲ್ಲಿಸುವಷ್ಟರಲ್ಲಿ ಮಂಜಿ ಮುಗಿದಿತ್ತು.

ರಕ್ತ ಕಂಡು ನನ್ನ ಬಾಯಿ ತಾನಾಗಿ ತೆರೆಯಿತು. "ನಾ ಹೇಳ್ಲಿಲ್ಲ, ಆಚಾರ್ರೇ."

ಅವರು ನನ್ನ ಕುತ್ತಿಗೆ ಹಿಡಿದು ಎಳೆದೊಯ್ದು, ಬಣ್ಣದ ಮಂಜಿಗೆ ತಲೆ ಅಪ್ಪಳಿಸಿದರು. ಕಿವಿಯನ್ನು ಹಲಗೆಗೆ ಒತ್ತಿ ಹಿಡಿದು, ಪಕ್ಕದಲ್ಲೇ ಕೊಡತಿಯಿಂದ ಹೊಡೆದರು. ತೌಡಿನ ಚೀಲಕ್ಕೆ ಗುದ್ದಿದ ಶಬ್ದ. ಇನ್ನೊಮ್ಮೆ ಹೊಡೆದರು — ಕೊಡತಿ ಒಳಗೇ ಹೋಯಿತು. ಒಳಗೆ ಮರವಿರಲಿಲ್ಲ, ಪುಡಿಯಿತ್ತು.

ಕಿವಿಯಿಂದ ಇಳಿದ ರಕ್ತ ಅಂಗಿಗೆ ತೊಟ್ಟಿಕ್ಕುತ್ತಿತ್ತು. ಆ ಕಿವಿ ಇಂದಿಗೂ ಅರ್ಧವೇ ಕೇಳುತ್ತದೆ. ಕ್ಷಮಿಸಿ ಎನ್ನಲು ನೋಡಿದೆ. ಯಾರ ದನಿಯಲ್ಲಿ ಹೇಳಬೇಕೆಂದೇ ತಿಳಿಯಲಿಲ್ಲ.

ಒಡೆದ ಮಂಜಿಯ ತುಂಡೊಂದನ್ನು ಆಚಾರ್ರು ಹೆಕ್ಕಿ ತಂದರು. ಕೆಂಪಗಿನ, ಎಣ್ಣೆಯ ಪಸೆ ಆರದ ಸಾಗುವಾನಿ. ಅದನ್ನು ನನ್ನ ಕೈಗೆ ತುರುಕಿ ಹೇಳಿದರು:

"ನೀ ಎಲ್ಲರ್ ದನಿ ಮಾಡ್ತೆ ಅಲ್ದಾ? ಈಗ ಇದ್ರ್ ದನಿ ಮಾಡ್, ಕಾಂಬ."