ಲಂಕೆ ಮುಟ್ಟುವವರೆಗೆ

ಕಳೆದ ಜೂನ್‌ನಲ್ಲಿ ಗದಗಿನ ನಮ್ಮ ಕಚೇರಿಯ ಹಾಲ್‌ನಲ್ಲಿ ಯೋಗ ದಿನಕ್ಕೆಂದು ಹಳೆಯ ಜಮಖಾನ ಹಾಸಿದರು. ಬಿಚ್ಚಿ ಕೊಡವಿದ ಕೂಡಲೇ ಧೂಳು, ನುಸಿಗುಳಿಗೆ, ಯಾರ್ಯಾರದೋ ಬೆವರು ಎಲ್ಲ ಕೂಡಿದ ಒಂದು ವಾಸನೆ ಮೂಗಿಗೆ ಬಡಿಯಿತು. ನಾನು ಎದ್ದು ಹೋಗಿ ಕಿಟಕಿಯ ಬಳಿ ಕುರ್ಚಿಯಲ್ಲಿ ಕುಳಿತೆ. ಸಾಹೇಬರು ಯಾಕೆಂದು ಕೇಳಿದರು. ಮೊಣಕಾಲು ನೋವು ಎಂದೆ. ಸುಳ್ಳು. ನನ್ನ ಕಾಲಿಗೆ ಏನೂ ಆಗಿಲ್ಲ. ಆದದ್ದು ನನ್ನ ತಂಗಿಯ ಕಾಲಿಗೆ...

ಕಲಿಸಲು ಬಂದ ಹೆಣ್ಣುಮಗಳು ಮೊಬೈಲ್‌ನಲ್ಲಿ ಅರ್ಧ ನಿಮಿಷಕ್ಕೆ ಗಂಟೆ ಇಟ್ಟಿದ್ದಳು. ಅದು ಟಿಣ್ ಎಂದರೆ ಎಲ್ಲರೂ ಕಾಲು ಇಳಿಸುತ್ತಿದ್ದರು. ಕಥೆ ಇಲ್ಲ, ಪುರಾಣ ಇಲ್ಲ. ಎಷ್ಟು ಸಲೀಸು ಅನ್ನಿಸಿತು. ನಮ್ಮ ಯೋಗದ ಸರ್ ಹತ್ತಿರ ಅಂಥದ್ದೊಂದು ಗಂಟೆ ಇದ್ದಿದ್ದರೆ!

ಲಕ್ಷ್ಮೇಶ್ವರದಲ್ಲಿ ನಾವು ಕಲಿತ ಹೈಸ್ಕೂಲಿಗೆ ಅವರು ವಾರಕ್ಕೆ ಮೂರು ದಿನ ಬರುತ್ತಿದ್ದರು. ಅವರ ಊರು ಡೋಣಿ. ಮುಂಡರಗಿ ಕಡೆಯಿಂದ ಬರುವ ಬೆಳಗಿನ ಬಸ್ಸಿನಿಂದ ಇಳಿದು, ಬಿಳಿ ಪೈಜಾಮ, ಬಿಳಿ ಅಂಗಿ, ಹಣೆ ತುಂಬ ವಿಭೂತಿ, ನೇರ ನಮ್ಮ ಶಾಲೆಯ ಪ್ರಾರ್ಥನಾ ಮಂದಿರಕ್ಕೆ. ಊರಿನವರು ದಾರಿಯಲ್ಲೇ ಕೈ ಮುಗಿಯುತ್ತಿದ್ದರು. ಅವರು ಹೋಗಿ ಎರಡು ವರ್ಷವಾಯಿತು. ಸತ್ತವರನ್ನು ಆಡಿಕೊಳ್ಳಬಾರದು ಎನ್ನುತ್ತಾರೆ. ನಾನು ಆಡಿಕೊಳ್ಳುತ್ತೇನೆ. ಆದರೂ ‘ಅವನು’ ಎನ್ನಲು ನಾಲಿಗೆ ಹೊರಳುವುದಿಲ್ಲ, ‘ಅವರು’ ಎಂದೇ ಬರುತ್ತದೆ. ಅದಕ್ಕೂ ನನಗೆ ಸಿಟ್ಟಿದೆ.

ಅವರ ಕೈಯಲ್ಲಿ ಗಡಿಯಾರ ಇರಲಿಲ್ಲ. ಆಸನಕ್ಕೊಂದು ಕಥೆ ಇತ್ತು, ಕಥೆ ಮುಗಿಯುವವರೆಗೆ ಆಸನ ಬಿಡುವಂತಿರಲಿಲ್ಲ. ವೃಕ್ಷಾಸನವೆಂದರೆ ಒಂಟಿಕಾಲಲ್ಲಿ ತಪಸ್ಸಿಗೆ ನಿಂತ ಭಗೀರಥ. ವೀರಭದ್ರಾಸನಕ್ಕೆ ದಕ್ಷನ ಯಜ್ಞ ಕೆಡಿಸಿದ ವೀರಭದ್ರ. ಮೈ ತಿರುಚಿ ಕೂರುವ ಮತ್ಸ್ಯೇಂದ್ರಾಸನಕ್ಕೆ ಮೀನಿನ ಹೊಟ್ಟೆಯಲ್ಲಿ ಕೂತು ಶಿವನ ಮಾತು ಕದ್ದು ಕೇಳಿದ ಯೋಗಿ. ಕಥೆ ಎಷ್ಟು ಉದ್ದ ಎಂಬುದು ಅವರ ಮನಸ್ಸಿನ ಮೇಲೆ ಹೋಗುತ್ತಿತ್ತು. ಖುಷಿಯಲ್ಲಿದ್ದರೆ ಗಂಗೆ ಆಕಾಶದಿಂದ ಇಳಿದವಳೇ ಸೀದಾ ಸಮುದ್ರ ಸೇರುತ್ತಿದ್ದಳು. ಸಿಟ್ಟಿನಲ್ಲಿದ್ದರೆ ನಡುವೆ ಜಹ್ನು ಮುನಿ ಬಂದು ಅವಳನ್ನು ಕುಡಿದುಬಿಡುತ್ತಿದ್ದ. ಮುನಿ ಅವಳನ್ನು ಕಿವಿಯಿಂದ ಹೊರಗೆ ಬಿಡುವವರೆಗೆ ನಾವು ನಲವತ್ತು ಹುಡುಗಿಯರು ಒಂದೇ ಕಾಲಲ್ಲಿ ನಡುಗುತ್ತ ನಿಲ್ಲಬೇಕಿತ್ತು.

ಇನ್ನೊಂದು ಕಟ್ಟಳೆ ಇತ್ತು. ನಡುವೆ ಯಾರಾದರೂ ಬಾಯಿ ಹಾಕಿದರೆ ಕಥೆ ಮತ್ತೆ ಮೊದಲಿನಿಂದ. ಶ್ರಾವಣದಲ್ಲಿ ಮಠದ ಪುರಾಣ ಮಂಗಳಾರತಿ ಆಗದೆ ನಿಲ್ಲುವುದಿಲ್ಲವಲ್ಲ, ಹಾಗೆಯೇ ಇದೂ ತುಂಡಾಗಬಾರದು ಎನ್ನುತ್ತಿದ್ದರು. ಕೆಮ್ಮು ಬಂದರೂ ನಾವು ಸೆರಗು, ದಾವಣಿ, ಸಿಕ್ಕಿದ್ದನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದೆವು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಮಾತು ಅವರನ್ನು ನೋಡಿಯೇ ಹುಟ್ಟಿರಬೇಕು. ಭಗೀರಥನ ತಾಳ್ಮೆಯನ್ನು ಅಷ್ಟು ಹೊಗಳುವ ಮನುಷ್ಯನಿಗೆ ಒಂದು ಬಸ್ಸು ತಡವಾದರೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಕಥೆ ಚೆನ್ನಾಗಿ ಹೇಳುತ್ತಿದ್ದರು. ಇದನ್ನು ಬರೆಯಲು ನನಗೆ ಮನಸ್ಸಿಲ್ಲ, ಆದರೆ ಖರೆ.

ನಾನು ಆಗ ಹತ್ತನೇ ಇಯತ್ತೆ, ತಂಗಿ ಎಂಟನೇ ಇಯತ್ತೆ. ಅವಳ ಮೈ ಹೇಳಿದ ಹಾಗೆ ಬಳುಕುತ್ತಿತ್ತು. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ನೆಲಕ್ಕೆ ಕೂರುವ ಹನುಮಾನಾಸನ ಇಡೀ ಶಾಲೆಯಲ್ಲಿ ಬರುತ್ತಿದ್ದದ್ದು ಅವಳೊಬ್ಬಳಿಗೆ. ಗದಗಿನ ಜಿಲ್ಲಾ ಸ್ಪರ್ಧೆಗೆ ಅವಳನ್ನೇ ಆರಿಸಿದ್ದರು. ಅವ್ವ ಹೊಸ ಬಿಳಿ ಚೂಡಿದಾರ ಹೊಲಿಸಿ ಟ್ರಂಕಿನ ಮೇಲೆ ಇಟ್ಟಿದ್ದಳು. ತಂಗಿ ದಿನಕ್ಕೆ ನಾಲ್ಕು ಸಲ ಅದನ್ನು ಮುಟ್ಟಿ ನೋಡುತ್ತಿದ್ದಳು.

ಸ್ಪರ್ಧೆಯ ಹಿಂದಿನ ದಿನ ಬಸ್ಸು ತಡವಾಯಿತು. ಸರ್ ಬಂದಾಗಲೇ ಮುಖ ಗಂಟು ಹಾಕಿಕೊಂಡಿದ್ದರು. ನಮ್ಮನ್ನೆಲ್ಲ ಜಮಖಾನದ ಅಂಚಿಗೆ ಕೂರಿಸಿ, ನಡುವೆ ತಂಗಿಯನ್ನು ಆಸನಕ್ಕೆ ಇಳಿಸಿದರು. ಮೈ ಕಾಯಿಸಲಿಕ್ಕೂ ಬಿಡಲಿಲ್ಲ. ಹನುಮಂತ ಮಹೇಂದ್ರ ಬೆಟ್ಟದ ಮೇಲಿಂದ ಜಿಗಿದ. ಖುಷಿಯ ದಿನವಾಗಿದ್ದರೆ ಎರಡು ಮಾತಿಗೆ ಲಂಕೆ ಸಿಗುತ್ತಿತ್ತು. ಅವತ್ತು ಬಸ್ಸಿನ ಮೇಲಿನ ಸಿಟ್ಟನ್ನು ಸಮುದ್ರದ ಮೇಲೆ ತೀರಿಸಿಕೊಂಡರು. ನೀರಿನಿಂದ ಮೈನಾಕ ಪರ್ವತ ಎದ್ದಿತು, ದಣಿವಾರಿಸಿಕೊಂಡು ಹೋಗು ಎಂದಿತು. ಆಮೇಲೆ ಸುರಸೆ ಬಾಯಿ ತೆರೆದಳು. ಅವಳು ಬಾಯಿ ಹಿಗ್ಗಿಸಿದ ಹಾಗೆ ಇವನು ಬೆಳೆದ, ಕೊನೆಗೆ ಹೆಬ್ಬೆರಳಷ್ಟಾಗಿ ಒಳಗೆ ಹೊಕ್ಕು ಹೊರಗೆ ಬಂದ. ತಂಗಿಯ ತೊಡೆ ನಡುಗುವುದು ನನಗೆ ಕಾಣುತ್ತಿತ್ತು. ತುಟಿ ಬೆಳ್ಳಗಾಗಿತ್ತು. ನೆರಳು ಹಿಡಿದು ಎಳೆಯುವ ಸಿಂಹಿಕೆ ಬಂದಿದ್ದಳೋ, ಇನ್ನೂ ಬಂದಿರಲಿಲ್ಲವೋ... ಅದೊಂದು ನನಗೆ ನೆನಪಿಲ್ಲ.

ನನಗೆ ತಡೆಯಲಾಗಲಿಲ್ಲ. ಕಟ್ಟಳೆ ಗೊತ್ತಿದ್ದೂ ಬಾಯಿ ಬಿಟ್ಟೆ.

“ಸರ, ಮೈನಾಕ ಪರ್ವತ ಹನುಮಪ್ಪಗ ಕುಂತು ಹೋಗು ಅಂದಿತ್ತಲ್ಲರಿ. ಅಕೀಗೂ ಸ್ವಲ್ಪ ಕುಂಡ್ರಾಕ ಹೇಳ್ರಿ.”

ಅವರು ನನ್ನತ್ತ ತಿರುಗಿಯೂ ನೋಡಲಿಲ್ಲ. “ಹನುಮಪ್ಪ ಕುಂತಾನೇನು? ಕೈಲೆ ಮುಟ್ಟಿ ಮುಂದ ಹೋದ. ಕಥಿ ತುಂಡಾತು. ಮೊದಲಿಂದ.”

ಹನುಮಂತ ಮತ್ತೆ ಮಹೇಂದ್ರ ಬೆಟ್ಟ ಹತ್ತಿದ. ಮೈನಾಕ ಮತ್ತೆ ಎದ್ದಿತು. ಸುರಸೆ ಬಾಯಿ ತೆರೆಯುವಾಗ ತಂಗಿ “ಅವ್ವಾ” ಎಂದಳು, ಅದೂ ಉಸಿರಿನಲ್ಲಿ. ಹಿಂದಿನ ಕಾಲು ಸೊಟ್ಟಗೆ ಹೊರಳಿ, ಅವಳು ಮುಂದಕ್ಕೆ ಬಗ್ಗಿ ಎರಡೂ ಕೈಯಲ್ಲಿ ಜಮಖಾನ ಹಿಡಿದುಕೊಂಡಳು. ಸರ್ ನೋಡಿದರು. ನೋಡಿಯೂ ಹೇಳುತ್ತಲೇ ಹೋದರು. ಕಥೆ ತುಂಡಾಗಬಾರದಲ್ಲ! ಸಿಂಹಿಕೆಯನ್ನು ಕೊಂದು, ಲಂಕೆ ಮುಟ್ಟಿಸಿ, ಕೈ ಮುಗಿದು, ಆಮೇಲೆ ಏಳು ಎಂದರು. ಅವಳು ಏಳಲಿಲ್ಲ. ಎರಡನೆಯ ಸಲ ಕಥೆ ಮುಗಿಯುವವರೆಗೆ ನಾವು ಯಾರೂ ಬಾಯಿ ತೆರೆದಿರಲಿಲ್ಲ. ನಾನೂ ತೆರೆದಿರಲಿಲ್ಲ.

ಅಪ್ಪ ಓಡಿ ಬಂದ. ಹುಡುಗಿ ಮೈ ಕಾಯಿಸದೆ ಕುಳಿತಳು, ನಿಷ್ಠೆ ಸಾಲದು ಎಂದು ಸರ್ ಅವನಿಗೆ ಹೇಳಿದರು. ಅಪ್ಪ ಅವರಿಗೆ ಕೈ ಮುಗಿದು, ತಪ್ಪಾತ್ರಿ ಎಂದು, ಮಗಳನ್ನು ಎತ್ತಿಕೊಂಡು ಮನೆಗೆ ಬಂದ. ಆ ಕೈ ಮುಗಿದದ್ದು ನೆನಪಾದರೆ ಈಗಲೂ ನನ್ನ ಮೈ ಉರಿಯುತ್ತದೆ. ಮರುದಿನ ಬೇರೊಬ್ಬ ಹುಡುಗಿಯನ್ನು ಗದಗಿಗೆ ಕರೆದುಕೊಂಡು ಹೋದರು. ನಮ್ಮ ಮನೆಯ ಕಡೆ ಒಂದು ದಿನವೂ ಹಾಯಲಿಲ್ಲ.

ದವಾಖಾನೆಯಲ್ಲಿ ತೊಡೆಯ ಹಿಂದಿನ ನರ ಹರಿದಿದೆ ಎಂದರು. ಅಲ್ಲಿ ಗುಣವಾಗದೆ ಅಪ್ಪ ಅವಳನ್ನು ನಮ್ಮೂರ ಪಕ್ಕದ ಮಾಗಡಿಯಲ್ಲಿ ನರ ತಿಕ್ಕುವ ಮುದುಕನೊಬ್ಬನ ಹತ್ತಿರ ಚಳಿಗಾಲ ಪೂರ್ತಿ ಕರೆದೊಯ್ದ. ನಾನೂ ಜೊತೆಗೆ ಹೋಗುತ್ತಿದ್ದೆ. ಒಂದು ಸಲ ಅಲ್ಲಿನ ಕೆರೆಯ ದಂಡೆಯಲ್ಲಿ ಒಂಟಿಕಾಲಲ್ಲಿ ನಿಂತ ಹಕ್ಕಿಯನ್ನು ತೋರಿಸಿ ತಂಗಿ, “ಅಕ್ಕಾ, ಭಗೀರಥ ನೋಡಲ್ಲಿ” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅವಳ ಎಡಗಾಲು ಮತ್ತೆ ಮೊದಲಿನಂತೆ ಆಗಲಿಲ್ಲ. ಬಿಳಿ ಚೂಡಿದಾರವನ್ನು ಅವ್ವ ಚಿಗವ್ವನ ಮಗಳಿಗೆ ಕೊಟ್ಟಳು.

ಸರ್ ತೀರಿಕೊಂಡ ಖಬರ ಬಂದಾಗ ತಂಗಿ ಕುಂಟುತ್ತಲೇ ಎರಡು ಬಸ್ಸು ಬದಲಿಸಿ ಡೋಣಿಗೆ ಹೋಗಿ ಮಣ್ಣು ಹಾಕಿ ಬಂದಳು. ನಾನು ಹೋಗಲಿಲ್ಲ. ಹೋಗಬೇಡ ಎಂದು ಅವಳೊಂದಿಗೆ ಜಗಳವನ್ನೂ ಆಡಿದ್ದೆ.

ಆ ಯೋಗ ದಿನದ ಸಂಜೆ ಕಚೇರಿಯಿಂದ ಸೀದಾ ಬೆಟಗೇರಿಗೆ, ಅವಳ ಮನೆಗೆ ಹೋದೆ. ಅವಳು ಹೊಲಿಗೆ ಯಂತ್ರದ ಮುಂದೆ ಇದ್ದಳು. ಬಲಗಾಲೊಂದರಲ್ಲೇ ತುಳಿಯುತ್ತಾಳೆ. ಜಮಖಾನದ ವಾಸನೆ ಹೇಳಿದೆ, ಮೊಬೈಲಿನ ಗಂಟೆ ಹೇಳಿದೆ, ಎಂದಿನಂತೆ ಸರ್‌ಗೆ ಬೈಯಲು ಶುರು ಮಾಡಿದೆ. ಇಷ್ಟು ವರ್ಷ ನನ್ನ ಬೈಗುಳಕ್ಕೆ ಅವಳು ಹೂಂ ಎಂದವಳೂ ಅಲ್ಲ, ಊಹೂಂ ಎಂದವಳೂ ಅಲ್ಲ. ಅವತ್ತು ತುಳಿಯುವುದನ್ನು ನಿಲ್ಲಿಸಿದಳು.

“ಅಕ್ಕಾ, ಸಿಂಹಿಕಿ ಸತ್ತಿದ್ಲು. ಲಂಕಾದ ಗಿಡ ಕಾಣಾಕತ್ತಿದ್ದವು. ಇನ್ನೊಂದು ಮಾತು ಆಗಿದ್ರ ನಾ ಏಳತಿದ್ದೆ. ಆಗ ನೀ ಬಾಯಿ ತೆಗದಿ.”

ಸಿಟ್ಟಿನಿಂದ ಹೇಳಲಿಲ್ಲ. ಹೇಳಿ, ದಾರ ಹರಿದಿತ್ತೋ ಏನೋ, ಸೂಜಿಗೆ ಪೋಣಿಸಿಕೊಂಡಳು.

ಸರ್ ಮೇಲಿನ ನನ್ನ ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿದಿಲ್ಲ. ಮೊದಲಿಂದ ಎಂದವರು ಅವರು, ನಾನಲ್ಲ. ಆದರೆ ಅವತ್ತು ಕಥೆ ಎಲ್ಲಿಗೆ ಬಂದಿತ್ತು ಎಂದು ಎದುರು ನಿಂತು ಕೇಳಬಹುದಾಗಿದ್ದ ಮನುಷ್ಯ ಅವರೊಬ್ಬರೇ ಇದ್ದರು. ಅವರು ಬದುಕಿದ್ದಾಗಲೂ ನಾನು ಡೋಣಿಗೆ ಹೋಗಲಿಲ್ಲ, ಸತ್ತಾಗಲೂ ಹೋಗಲಿಲ್ಲ...

ತಂಗಿ ಯಂತ್ರ ಮುಚ್ಚಿ ಚಹಾ ಇಡಲು ಎದ್ದಳು. ಎಡಗಾಲು ಎಳೆಯುವ ಸಪ್ಪಳ ಅಡುಗೆಮನೆಯವರೆಗೂ ಕೇಳಿಸಿತು. ಒಳಗಿಂದಲೇ, ಸಕ್ಕರಿ ಎಷ್ಟು ಹಾಕಲಿ ಎಂದು ಎರಡು ಸಲ ಕೇಳಿದಳು. ನನಗೆ ಬಾಯಿ ತೆರೆಯಲಾಗಲಿಲ್ಲ.