ಮೇಲಂತೆ

ಅಕ್ಕನಿಗೆ ಅನ್ನ ಎದೆಯ ಹತ್ತಿರ ಸಿಕ್ಕಿಕೊಳ್ಳುತ್ತಿದೆ ಎಂದು ಗೊತ್ತಾಗಲು ನಮಗೆ ಮೂರು ತಿಂಗಳು ಹಿಡಿಯಿತು. ಈ ಅರಬ್ ದೇಶದ ಮೈದಾನ್ ಹವಲ್ಲಿ ಬಡಾವಣೆಯ ಒಂದೇ ಕಟ್ಟಡದಲ್ಲಿ ಅವಳ ಮನೆ ಎರಡನೇ ಮಹಡಿ, ನನ್ನದು ನಾಲ್ಕನೆಯದು. ಶುಕ್ರವಾರದ ಊಟ ಅವಳಲ್ಲೇ. ತುತ್ತಿಗೊಂದು ಗುಟುಕು ನೀರು ಕುಡಿಯುವುದನ್ನು ಕಣ್ಣಾರೆ ಕಂಡೂ, "ಗ್ಯಾಸು, ಕಾಫಿ ಕಡಿಮೆ ಮಾಡು" ಎಂದು ಬುದ್ಧಿ ಹೇಳಿದ ಮಹಾಶಯ ನಾನೇ.

ಎಂಡೋಸ್ಕೋಪಿ ಆಯಿತು. ಹೊಟ್ಟೆಯ ಕ್ಯಾನ್ಸರ್ ಎಂದು ಬಂತು. ಸುಳ್ಳೇಕೆ, ನಾವಿಬ್ಬರೂ ಅಷ್ಟೇನೂ ಕಂಗೆಡಲಿಲ್ಲ. ಅಪ್ಪನಿಗೂ ಅದೇ ಆಗಿತ್ತು. ಬೆಳಿಗ್ಗೆ ಉಂಡದ್ದನ್ನು ಸಂಜೆ ವಾಂತಿ ಮಾಡುತ್ತಿದ್ದ ಅಪ್ಪ, ಅರ್ಧ ಹೊಟ್ಟೆ ತೆಗೆಸಿಕೊಂಡು, ಅರ್ಧ ಮುದ್ದೆ ಉಂಡುಕೊಂಡು, ಹನ್ನೆರಡು ವರ್ಷ ನಮ್ಮನ್ನೆಲ್ಲ ಬೈಯುತ್ತಾ ಇದ್ದರು. ಆಸ್ಪತ್ರೆಯಲ್ಲಿ ಅವರ ಜೊತೆ ನಿಂತವಳು ಅಕ್ಕ.

ಸ್ಕ್ಯಾನ್ ವರದಿ ಬಂದ ದಿನ ಅಕ್ಕನಿಗೆ ತಾನು ಪಾಠ ಹೇಳುವ ಶಾಲೆಯಲ್ಲಿ ರಜೆ ಸಿಗಲಿಲ್ಲ. ನನ್ನ ಬ್ಯಾಂಕಿನಲ್ಲಿ ರಜೆ ಹೇಳಿ ನಾನೊಬ್ಬನೇ ಹೋದೆ. ಅಪ್ಪನ ಕಥೆಯನ್ನು ನಾನು ಹೆಮ್ಮೆಯಿಂದಲೇ ಹೇಳಿದೆ. ಡಾಕ್ಟರು ಪೂರ್ತಿ ಕೇಳಿಸಿಕೊಂಡು, ಒಂದು ಚೀಟಿಯ ಹಿಂದೆ ಹೊಟ್ಟೆಯ ಚಿತ್ರ ಬರೆದರು. ಅಪ್ಪನದು ಕೆಳತುದಿ, ಅನ್ನ ಹೊರಗೆ ಹೋಗುವ ಕಡೆ. ಅಕ್ಕನದು ಮೇಲ್ತುದಿ, ಅನ್ನನಾಳ ಬಂದು ಸೇರುವ ಕಡೆ. ಹೆಸರು ಒಂದೇ ಆದರೂ ಸ್ವಭಾವ ಬೇರೆ ಎಂದರು. ಮೇಲಿನದು ಅನೇಕ ಸಲ ತಡವಾಗಿ ಗೊತ್ತಾಗುತ್ತದೆ, ಆಪರೇಷನ್ ದೊಡ್ಡದು, ಸಾಮಾನ್ಯವಾಗಿ ಫಲಿತಾಂಶವೂ ಕೆಳಗಿನದರಷ್ಟು ಚೆನ್ನಾಗಿರುವುದಿಲ್ಲ. ಬೇರೆಡೆ ಹರಡಿದ್ದು ಕಾಣುತ್ತಿಲ್ಲ, ಹಾಗಾಗಿ ಭಾನುವಾರವೇ ಕೀಮೋ ಶುರುಮಾಡೋಣ ಎಂದರು.

ಹೊರಗೆ ಬಂದು ನಿಂತಿದ್ದೆ, ಅಕ್ಕನ ಫೋನು.

"ಏನಂತೋ?"

"ಮೇಲಂತೆ" ಎಂದೆ. ಮೇಲ್ತುದಿಯಲ್ಲಿದೆಯಂತೆ ಎಂದು ನನ್ನ ಅರ್ಥ.

"ಅಪ್ಪಂದಕ್ಕಿಂತಲೂ?"

"ಹೂಂ."

"ಅಬ್ಬ! ಬದುಕಿದೆ ಬಿಡು" ಎಂದು ನಕ್ಕಳು. ಆಗ ಹೊಳೆಯಿತು. ಅವಳ ಕಿವಿಗೆ ಬಿದ್ದದ್ದು, ಅಪ್ಪನದಕ್ಕಿಂತ ವಾಸಿ ಎಂದು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಶಾಲೆಯ ಗಂಟೆ ಹೊಡೆಯಿತು. ಗಂಟೆಯ ಮೇಲೆ ತಪ್ಪು ಹೊರಿಸುವುದು ಸುಲಭ. ನಿಜವೆಂದರೆ, ಆ ನಗು ಕೇಳಿ ನನಗೂ ಹಾಯೆನಿಸಿತ್ತು.

ಸಂಜೆ ಭಾವ ಶುವೈಖ್‌ನ ಗೋದಾಮಿನ ಕೆಲಸದಿಂದ ಬರುತ್ತಾ ಕುನಾಫಾ ಎಂಬ ಅರಬ್ಬಿ ಸಿಹಿ ತಂದಿದ್ದರು. ನಾನೂ ಎರಡು ತುಂಡು ತಿಂದೆ. "ಇವಳ ಬೋರ್ಡ್ ಪರೀಕ್ಷೆ ಮುಗೀಲಿ, ಆಮೇಲೆ ಟ್ರೀಟ್‌ಮೆಂಟು. ಅವಸರ ಏನಿದೆ?" ಎಂದಳು ಅಕ್ಕ, ಮಗಳ ತಲೆ ಸವರುತ್ತಾ. ಹುಡುಗಿ "ಥ್ಯಾಂಕ್ಯೂ ಅಮ್ಮಾ" ಎಂದಳು. ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು. ಆದರೂ ತಟ್ಟೆ ತೊಳೆದಿಟ್ಟು ನನ್ನ ಮನೆಗೆ ಹೋದೆ, ಹೇಡಿ ನಾನು.

ಮರುದಿನ ಬೆಳಿಗ್ಗೆ ಭಾವ ಕೆಲಸಕ್ಕೆ ಹೋದ ಮೇಲೆ ಕೆಳಗಿಳಿದೆ. ಅಕ್ಕ ರಾಗಿ ಗಂಜಿ ಕಾಯಿಸುತ್ತಿದ್ದಳು. ಆಗ ಅವಳಿಗೆ ಸಲೀಸಾಗಿ ಇಳಿಯುತ್ತಿದ್ದದ್ದು ಅದೊಂದೇ. ಡಾಕ್ಟರ ಚೀಟಿಯನ್ನು ಕಟ್ಟೆಯ ಮೇಲಿಟ್ಟು, ಎಲ್ಲವನ್ನೂ ಬಿಡಿಸಿ ಹೇಳಿದೆ.

ಅವಳು ಒಲೆ ಆರಿಸಿದಳು. "ಅಂದ್ರೆ ಅಪ್ಪನಷ್ಟು ವರ್ಷ ಇರಲ್ವಾ ನಾನು?"

"ಗೊತ್ತಿಲ್ಲ ಅಕ್ಕ. ಡಾಕ್ಟರೂ ಹೇಳ್ಲಿಲ್ಲ. ಆದರೆ ಎರಡು ತಿಂಗಳು ಕಾಯೋಕಾಗಲ್ಲ."

"ನಿನ್ನೆ ಕುನಾಫಾ ತಿನ್ನೋವಾಗ ಏನಾಗಿತ್ತು ಬಾಯಿಗೆ?"

ಅವಳೇ ಫೋನ್ ತೆಗೆದು ಭಾವನಿಗೆ ಹೇಳಿದಳು: ನಿನ್ನೆ ಹೇಳಿದ್ದು ತಪ್ಪು, ಇದು ಅಪ್ಪಂದಕ್ಕಿಂತ ಕಷ್ಟದ್ದು, ಭಾನುವಾರ ರಜೆ ಹಾಕಿ. ದನಿ ಸ್ವಲ್ಪವೂ ನಡುಗಲಿಲ್ಲ. ಅಪ್ಪನ ಆಪರೇಷನ್ ದಿನವೂ ಹೀಗೇ ಇದ್ದಳು, ಅತ್ತದ್ದು ನಾನು.

ಫೋನ್ ಇಟ್ಟು ಚೀಟಿಯನ್ನು ಎರಡಾಗಿ ಮಡಚಿದಳು. ಆಮೇಲೆ ನನ್ನ ಮುಖ ನೋಡದೆ ಅಂದಳು: "ಹೆದರಿಕೆ ಆಗ್ತಿದೆ ಕಣೋ. ಭಾನುವಾರ ನೀನೂ ಬಾ."

ಬರ್ತೀನಿ ಎಂದೆ. ನನಗೂ ಹೆದರಿಕೆ ಎಂದು, ಈ ಸಲ ಅರ್ಥವಾಗುವ ಹಾಗೆ ಹೇಳಿದೆ.