ಹುಷಾರಮ್ಮನ ಚೀಲ

ನಮ್ಮ ಮೇಲಿನ ಮನೆಯಾಕೆಗೆ ಇಡೀ ಕಟ್ಟಡವೇ ಇಟ್ಟ ಹೆಸರು ಹುಷಾರಮ್ಮ. ಒಂದೇ ಕೋಣೆಯ ಮನೆ. ಮಂಚದ ಕೆಳಗೆ ನೀರಿನ ಕ್ಯಾನು, ದಿಂಬಿನ ಪಕ್ಕ ಟಾರ್ಚು, ಕೊರಳಲ್ಲಿ ಸೀಟಿ, ಬಾಗಿಲ ಹಿಂದೆ ಅವರಿಗಿಂತ ದಪ್ಪನೆಯ ಚೀಲ. ಯಾರ ಮನೆಯಲ್ಲಿ ಹಾಲು ಸೀದರೂ ಆ ಚೀಲ ಹೆಗಲೇರುತ್ತದೆ. ನಕ್ಕರೆ, "ಬೆಂಕಿ ಬಿದ್ದಾಗ ಬಾವಿ ತೋಡ್ತೀರಾ?" ಅಂತ ಗದರುತ್ತಾರೆ. ಹಳೇ ಚಪ್ಪಲಿ ಎಸೆಯಲು ಹೊರಟವರ ಕೈಯಿಂದ, "ಇಲ್ಲಿ ಕೊಡಿ, ಇರಲಿ" ಅಂತ ಕಸಿದುಕೊಳ್ಳುತ್ತಾರೆ. ಪಾಪ, ಜಿಪುಣಿ ಅಂದುಕೊಂಡು ನಾವೂ ಕೊಡುತ್ತಿದ್ದೆವು. ಹೋದ ತಿಂಗಳು ಮೀಟರ್ ಪೆಟ್ಟಿಗೆ ಹೊತ್ತಿಕೊಂಡು ಮುಂದಿನ ಮೆಟ್ಟಿಲೆಲ್ಲ ಹೊಗೆಯಾದಾಗ, ಸೀಟಿ ಊದುತ್ತಾ ನಮ್ಮನ್ನೆಲ್ಲ ಹಿಂದಿನ ಮೆಟ್ಟಿಲಿಂದ ಇಳಿಸಿದರು. ಉಟ್ಟ ಬಟ್ಟೆಯಲ್ಲೇ, ಬರಿಗಾಲಲ್ಲೇ ಓಡಿಬಂದಿದ್ದೆವು. ಹೊರಗೆ ನೆಲದ ತುಂಬ, ಹೊಗೆ ಹೋಗಲೆಂದು ಯಾರೋ ಒಡೆದ ಕಿಟಕಿಗಳ ಗಾಜು. ಕೊನೆಯ ಮೆಟ್ಟಿಲಲ್ಲಿ ತಡೆದು ಚೀಲ ಬಿಚ್ಚಿದರು. ನಮ್ಮತ್ತೆಯ ಊದಿದ ಕಾಲಿಗೆ ಅಗಲದ್ದು, ಮಗಳಿಗೆ ಪಕ್ಕದ ಮನೆ ಹುಡುಗಿಯ ಹಳದಿಯದು, ನನಗೆ ನಾನೇ ಎಸೆಯಹೊರಟಿದ್ದ ಜೋಡು, ಕಿತ್ತ ಉಂಗುಷ್ಟ ಹೊಲಿಸಿ ಇಟ್ಟಿದ್ದರು. ಎಲ್ಲರೂ ದಾಟಿದ ಮೇಲೆ ಚೀಲ ಖಾಲಿ, ಅವರ ಕಾಲು ಬರಿದು. ಈಗ ನಮ್ಮ ಬಾಗಿಲ ಹಿಂದೆಯೂ ಒಂದು ಚೀಲವಿದೆ. ಅದಕ್ಕೆ ಮೊದಲು ಹಾಕಿದ್ದು ಹುಷಾರಮ್ಮನ ಅಳತೆಯ ಚಪ್ಪಲಿ.